ಉಗ್ರಾಣದ ಕಿಟಕಿಯಿಂದ ಕಂಡ ಬಾಳಿಕೆ

ಕಳೆದ ವರ್ಷ ಮಳೆಗಾಲಕ್ಕೆ ತುಸು ಮೊದಲು ಅಕ್ಕನ ಮಗ ಫೋನ್ ಮಾಡಿ, "ಮಾವ, ಹೊಸತು ತಗೊಳ್ಳುದಾ, ಹಳತಾ?" ಎಂದು ಕೇಳಿದ. ಸಿದ್ದಾಪುರದಿಂದ ಆಚೆ, ಘಟ್ಟದ ಬುಡದಲ್ಲಿ ಅವನ ಅಡಿಕೆ ತೋಟವಿದೆ. ಅಲ್ಲಿಗೆ ಹೋಗುವ ಕೊನೆಯ ನಾಲ್ಕು ಕಿಲೋಮೀಟರ್ ಜೂನ್‌ನಿಂದ ಅಕ್ಟೋಬರ್‌ವರೆಗೆ ದಾರಿ ಎನ್ನಿಸಿಕೊಳ್ಳುವ ಸ್ಥಿತಿಯಲ್ಲಿ ಇರುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತವಿರುವ ದೊಡ್ಡ ಗಾಡಿಯೊಂದು ಅವನಿಗೆ ಬೇಕಿತ್ತು. ಶೋರೂಮಿನ ಹೊಸ ಗಾಡಿಯ ಅರ್ಧಕ್ಕಿಂತ ಕಡಿಮೆ ಬೆಲೆಗೆ ಹಿಂದಿನ ತಲೆಮಾರಿನ ಗಾಡಿಯೊಂದು ಕುಂದಾಪುರದಲ್ಲೇ ಮಾರಾಟಕ್ಕಿತ್ತು. "ಹಳೆಯ ಗಾಡಿಗಳೇ ಗಟ್ಟಿ, ಈಗಿನದ್ದೆಲ್ಲ ತಗಡು ಅಂತ ಎಲ್ಲರೂ ಹೇಳ್ತಾರೆ. ನೀವು ಎಂತ ಹೇಳ್ತೀರಿ?" ಎಂದ.

ನಾನು ತಕ್ಷಣ ಉತ್ತರಿಸಲಿಲ್ಲ. ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ ಎಂಬುದು ನಿಜ. 1996ರಿಂದ 2023ರವರೆಗೆ ಮಸ್ಕತ್ತಿನ ವಾದಿ ಕಬೀರ್‌ನಲ್ಲಿ, ಒಂದು ಗುತ್ತಿಗೆ ಕಂಪನಿಯ ವರ್ಕ್‌ಶಾಪಿನಲ್ಲಿ ಸ್ಪೇರ್ ಪಾರ್ಟ್ಸ್ ಉಗ್ರಾಣವನ್ನು ನೋಡಿಕೊಂಡವನು ನಾನು. ಮೆಕ್ಯಾನಿಕ್ ಅಲ್ಲ, ಗಾಡಿಯನ್ನು ಬಿಚ್ಚುವುದು, ಜೋಡಿಸುವುದು ನನ್ನ ಕೆಲಸವಾಗಿರಲಿಲ್ಲ. ಆದರೆ ಯಾವ ಗಾಡಿಗೆ, ಎಷ್ಟನೆಯ ವರ್ಷದಲ್ಲಿ, ಯಾವ ಭಾಗ ಬೇಕಾಯಿತು ಎಂಬ ಚೀಟಿ ನನ್ನ ಕಿಟಕಿಗೆ ಬಾರದೆ ಇರುತ್ತಿರಲಿಲ್ಲ. ವೈದ್ಯನಲ್ಲದಿದ್ದರೂ ಔಷಧದ ಅಂಗಡಿಯವನಿಗೆ ಊರಿನ ಕಾಯಿಲೆಗಳೆಲ್ಲ ಗೊತ್ತಿರುತ್ತವಲ್ಲ, ಹಾಗೆ. ಇಪ್ಪತ್ತೇಳು ವರ್ಷ ಆ ಚೀಟಿಗಳನ್ನು ಪುಸ್ತಕಕ್ಕೆ ಏರಿಸಿದವನಿಗೆ "ಹಳತೇ ಗಟ್ಟಿ" ಎನ್ನುವ ಮಾತನ್ನು ಒಪ್ಪಲೂ ಆಗಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಆ ತಡವರಿಕೆಯೇ ಈ ಬರಹಕ್ಕೆ ಕಾರಣ.

ಬಾಳಿಕೆ ಎಂಬ ನಮ್ಮ ಮಾತು ಬಾಳು ಎಂಬುದರಿಂದ ಬಂದದ್ದು. ವಸ್ತು ಮುರಿಯದೆ ಇರುವುದನ್ನು ಗಟ್ಟಿತನ ಎನ್ನುತ್ತೇವೆ. ಮುರಿದು, ಸವೆದು, ರಿಪೇರಿಯಾಗಿ, ಮತ್ತೆ ಕೆಲಸಕ್ಕೆ ನಿಂತು ವರ್ಷ ಕಳೆಯುವುದನ್ನು ಬಾಳಿಕೆ ಎನ್ನುತ್ತೇವೆ. ಅಳಿಯ ಕೇಳಿದ್ದು ಗಟ್ಟಿತನದ ಬಗ್ಗೆ. ನನ್ನ ಪುಸ್ತಕಗಳಲ್ಲಿ ಇದ್ದದ್ದು ಬಾಳಿಕೆಯ ಲೆಕ್ಕ.

ಚೀಟಿಗಳಲ್ಲಿ ಕಂಡದ್ದು

ನಮ್ಮಲ್ಲಿ ಬಹುತೇಕ ಇದ್ದದ್ದು ಟೊಯೋಟಾ ಲ್ಯಾಂಡ್ ಕ್ರೂಸರ್‌ಗಳು. ನಾನು ಸೇರಿದಾಗ 60 ಸರಣಿ ಎಂಬ ಹಳೆಯ ತಲೆಮಾರಿನ ಒಂದೆರಡು ಗಾಡಿಗಳು ಇನ್ನೂ ಸೈಟ್‌ಗಳಲ್ಲಿ ಓಡಾಡುತ್ತಿದ್ದವು. ಅವುಗಳ ನಾಲ್ಕೂ ಮೂಲೆಯಲ್ಲಿ ಲಾರಿಗಳಂತೆ ಪಾಟಾ ಸ್ಪ್ರಿಂಗ್. ಆಗ ಮುಖ್ಯ ದುಡಿಮೆ 80 ಸರಣಿಯದು: ಸುರುಳಿ ಸ್ಪ್ರಿಂಗ್ ಬಂದಿದ್ದರೂ ಹಿಂದೆ ಮುಂದೆ ಎರಡೂ ಕಡೆ ಇಡೀ ಎಕ್ಸೆಲ್, ಬೋನಟ್ ಕೆಳಗೆ ಸಾಲಾಗಿ ಆರು ಸಿಲಿಂಡರಿನ 4.5 ಲೀಟರ್ ಪೆಟ್ರೋಲ್ ಎಂಜಿನ್. 1998ರಲ್ಲಿ 100 ಸರಣಿ ಬಂತು, ಮುಂದಿನ ಇಡೀ ಎಕ್ಸೆಲ್ ಹೋಗಿ ಎರಡೂ ಚಕ್ರಗಳು ಬೇರೆಬೇರೆಯಾಗಿ ಆಡತೊಡಗಿದವು, ವಿ8 ಎಂಜಿನ್, ಅಂದರೆ ಎರಡು ಸಾಲಿನಲ್ಲಿ ಎಂಟು ಸಿಲಿಂಡರಿನದು, ಬಂತು. 2007ರಲ್ಲಿ 200, 2021ರಲ್ಲಿ 300. ಇಷ್ಟೆಲ್ಲ ಬದಲಾದರೂ 80ರಿಂದ 300ರವರೆಗೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2850 ಮಿಲಿಮೀಟರ್ ಆಗಿಯೇ ಉಳಿಯಿತು. ಏಣಿಯಾಕಾರದ ಚಾಸಿಯೂ ಉಳಿಯಿತು. ಉಗ್ರಾಣದವನ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿಯಿದೆ: 80ರ ಚಕ್ರಕ್ಕೆ ಆರು ಬೋಲ್ಟು, 100 ಮತ್ತು 200ಕ್ಕೆ ಐದು, 300ಕ್ಕೆ ಮತ್ತೆ ಆರು. ಒಂದು ತಲೆಮಾರಿನ ರಿಮ್ ಇನ್ನೊಂದಕ್ಕೆ ಕೂರದೆ ಹೋದಾಗ ಉಗ್ರಾಣದ ಒಂದು ಗೋಡೆಯ ಕಪಾಟುಗಳನ್ನೇ ಬದಲಾಯಿಸಬೇಕಾಗಿತ್ತು.

ಹಳೆಯ ಗಾಡಿಗಳು ಏನನ್ನೂ ಕೇಳುತ್ತಿರಲಿಲ್ಲ ಎನ್ನುವವರು ಆ ಚೀಟಿಗಳನ್ನು ನೋಡಿಲ್ಲ. 80 ಸರಣಿಯ ಮುಂದಿನ ಎಕ್ಸೆಲ್ಲಿನ ಎರಡು ತುದಿಯಲ್ಲಿ, ಚಕ್ರ ತಿರುಗುವ ಜಾಗದಲ್ಲಿ, ಉಕ್ಕಿನ ಗುಂಡಿನಂಥ ಒಂದು ಗಂಟಿದೆ. ಅದರೊಳಗೆ ಗ್ರೀಸ್ ತುಂಬಿರುತ್ತದೆ. ಒಳಗಿನ ಆಯಿಲ್ ಸೀಲ್ ಸವೆದರೆ ಎಕ್ಸೆಲ್ಲಿನ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಷಿಯಲ್ಲಿನ ಎಣ್ಣೆ ಬಂದು ಆ ಗ್ರೀಸಿನೊಡನೆ ಕಲೆತು ಕಪ್ಪು ಗಂಜಿಯಾಗಿ ಚಕ್ರದ ಒಳಮೈಗೆ ಇಳಿಯುತ್ತದೆ. ಲಕ್ಷ ಕಿಲೋಮೀಟರಿಗೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಇದನ್ನು ಪೂರ್ತಿ ಬಿಚ್ಚಿ ತೊಳೆದು ಹೊಸ ಸೀಲು, ಬೇರಿಂಗು ಹಾಕಬೇಕು. ಆ 4.5 ಲೀಟರ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳದ ಅಡಿಯ ಪದರ) ವಯಸ್ಸಾದ ಮೇಲೆ ಆರನೆಯ ಸಿಲಿಂಡರಿನ ಬಳಿ ಸೋಲುವುದು ಎಲ್ಲ ದೇಶದ ಮೆಕ್ಯಾನಿಕ್ಕುಗಳಿಗೂ ಗೊತ್ತಿರುವ ಸಂಗತಿ. ಡೀಸೆಲ್ ಬಳಸುವ ದೇಶಗಳಲ್ಲಿ 80ರ ಮೊದಮೊದಲ ಟರ್ಬೊ (ಹೆಚ್ಚು ಗಾಳಿ ತುರುಕುವ ಯಂತ್ರವಿರುವ) ಎಂಜಿನ್ನುಗಳಲ್ಲಿ ಪಿಸ್ಟನ್ನಿನ ಕೋಲಿನ ಬುಡದ ಬಿಗ್ ಎಂಡ್ ಬೇರಿಂಗನ್ನು ಮುಂಜಾಗ್ರತೆಗಾಗಿಯೇ ಬದಲಾಯಿಸುವ ರೂಢಿಯಿದೆ. ಒಮಾನಿನ ಒಳನಾಡಿನ ಜಲ್ಲಿ ರಸ್ತೆಗಳಲ್ಲಿ ಗಾಳಿಗೆ ಎದ್ದ ಅಲೆಗಳಂತೆ ಅಡ್ಡಡ್ಡ ಏರುತಗ್ಗುಗಳಿರುತ್ತವೆ. ಅವುಗಳ ಮೇಲೆ ದಿನಕ್ಕೆ ನೂರು ಕಿಲೋಮೀಟರ್ ಓಡುವ ಗಾಡಿಯ ಶಾಕ್ ಅಬ್ಸಾರ್ಬರ್ ಮುಟ್ಟಲಾಗದಷ್ಟು ಕಾದು ಎಣ್ಣೆ ಸೋರುತ್ತದೆ, ಬುಷ್‌ಗಳು ಪುಡಿಯಾಗುತ್ತವೆ, ಬ್ರಾಕೆಟ್‌ಗಳು ಬಿರುಕು ಬಿಡುತ್ತವೆ. ಅದು ಯಾವ ತಲೆಮಾರನ್ನೂ ಬಿಟ್ಟಿಲ್ಲ.

ಹೊಸ ತಲೆಮಾರುಗಳು ಬಂದಂತೆ ಚೀಟಿಗಳ ಸಂಖ್ಯೆ ಕಡಿಮೆಯಾಯಿತು. 200 ಸರಣಿಯ ಗಾಡಿಗಳು ಮೊದಲ ಎರಡು ಲಕ್ಷ ಕಿಲೋಮೀಟರ್‌ವರೆಗೆ ಫಿಲ್ಟರ್, ಬ್ರೇಕ್ ಪ್ಯಾಡ್, ಟಯರ್ ಬಿಟ್ಟರೆ ಹೆಚ್ಚೇನನ್ನೂ ಕೇಳಿದ್ದಿಲ್ಲ. ಮೊದಲ ಹತ್ತು ವರ್ಷಗಳ ಮಟ್ಟಿಗೆ ಪ್ರತಿ ಹೊಸ ತಲೆಮಾರೂ ಹಿಂದಿನದಕ್ಕಿಂತ ಉತ್ತಮವಾಗಿತ್ತು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆದರೆ ಹತ್ತು ವರ್ಷ ದಾಟಿದ ಮೇಲೆ ಬರುವ ಒಂದೊಂದು ಚೀಟಿಯೂ ಉದ್ದವಾಗುತ್ತಾ ಬಂತು.

ತಾಮ್ರದ ಎರಡು ತುಂಡು

ಇದು ನನಗೆ ಸ್ಪಷ್ಟವಾದದ್ದು ಒಂದು ಮಧ್ಯಾಹ್ನ, ಉಸ್ತಾದರ ಬೆಂಚಿನ ಬಳಿ. ನಮ್ಮ ಹಿರಿಯ ಮೆಕ್ಯಾನಿಕ್ ಉಸ್ತಾದರು ಉಪ್ಪಿನಂಗಡಿಯ ಕಡೆಯವರು. ಗಲ್ಫಿಗೆ ಬಂದು ನನಗಿಂತ ಹದಿನೈದು ವರ್ಷ ಹೆಚ್ಚಾಗಿತ್ತು. 80 ಸರಣಿಯ ಗಾಡಿಯೊಂದು ಕೀಲಿ ತಿರುಗಿಸಿದರೆ ಟಕ್ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ ಎಂದು ಬಂದಿತ್ತು. ಗಾಡಿಯ ಅಡಿಗೆ ಮಲಗಿ, ಉದ್ದನೆಯ ಎಕ್ಸ್‌ಟೆನ್ಷನ್ ಹಾಕಿ, ಎರಡು ಬೋಲ್ಟು ಬಿಡಿಸಿ, ಎಂಜಿನ್ನನ್ನು ತಿರುಗಿಸಿ ಚಾಲು ಮಾಡುವ ಸೆಲ್ಫ್ ಮೋಟರನ್ನು ಹೊರಗೆ ತಂದರು. ಅದರ ಹಿಂಬದಿಯ ಮುಚ್ಚಳ ತೆಗೆದು, ಒಳಗಿನಿಂದ ಹೆಬ್ಬೆರಳಿನ ಉಗುರಿನಷ್ಟಿರುವ ಎರಡು ತಾಮ್ರದ ತುಂಡುಗಳನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. "ಮುಟ್ಟಿ ನೋಡಿ ಶೆಟ್ರೇ" ಎಂದರು. ಒಂದು ತುಂಡು ನೆಟ್ಟಗಿತ್ತು. ಇನ್ನೊಂದು ಕಚ್ಚಿ ತೆಗೆದ ಹಾಗೆ ಅರ್ಧಚಂದ್ರಾಕಾರವಾಗಿ ಸವೆದಿತ್ತು. ಪ್ರತಿ ಸಲ ಗಾಡಿ ಸ್ಟಾರ್ಟ್ ಮಾಡುವಾಗ ಅಲ್ಲಿ ಕಿಡಿ ಹಾರಿ ಕೂದಲೆಳೆಯಷ್ಟು ತಾಮ್ರ ಉರಿದುಹೋಗುತ್ತದೆ. ಸಾವಿರಾರು ಸಲ ಉರಿದ ಮೇಲೆ ಒಂದು ದಿನ ನಡುವಿನ ತಟ್ಟೆ ಅದಕ್ಕೆ ತಾಗುವುದೇ ಇಲ್ಲ. ನನ್ನ ಕಪಾಟಿನಲ್ಲಿದ್ದ ಅತ್ಯಂತ ಅಗ್ಗದ ವಸ್ತುಗಳಲ್ಲಿ ಆ ತಾಮ್ರದ ತುಂಡು ಒಂದು. ಚಹಾದ ಹೊತ್ತಿಗೆ ಮುಂಚೆ ಗಾಡಿ ಹೊರಟಿತು.

ಅದೇ ವಾರ 100 ಸರಣಿಯ ವಿ8 ಗಾಡಿಯೊಂದು ಅದೇ ಲಕ್ಷಣದೊಡನೆ ಬಂತು. ವಯಸ್ಸಿಗೆ ತಕ್ಕ ಸವೆತವೇ, ಬೇರೇನೂ ಅಲ್ಲ. ಒಳಗಿರುವುದೂ ಅದೇ ಬಗೆಯ ತಾಮ್ರದ ತುಂಡು. ಆದರೆ ಆ ಎಂಜಿನ್ನಿನಲ್ಲಿ ಸೆಲ್ಫ್ ಮೋಟರ್ ಇರುವುದು ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡ್ ಎಂಬ ಗಾಳಿಯ ಕೊಳವೆಗಳ ಗೊಂಚಲಿನ ಅಡಿಯಲ್ಲಿ. ಅಲ್ಲಿಗೆ ಕೆಸರಾಗಲಿ ತೊರೆಯ ನೀರಾಗಲಿ ಸುಲಭವಾಗಿ ತಲುಪುವುದಿಲ್ಲ ಎಂಬುದು ದೊಡ್ಡ ಅನುಕೂಲವೇ. ಮೆಕ್ಯಾನಿಕ್ಕಿನ ಕೈಯೂ ತಲುಪುವುದಿಲ್ಲ. ಮ್ಯಾನಿಫೋಲ್ಡ್ ಎತ್ತಬೇಕು, ಎತ್ತಬೇಕೆಂದರೆ ಪೆಟ್ರೋಲಿನ ಪೈಪು, ವೈರಿಂಗು, ಸಣ್ಣಪುಟ್ಟ ರಬ್ಬರ್ ಹೋಸ್‌ಗಳನ್ನೆಲ್ಲ ಬಿಡಿಸಬೇಕು. ಹತ್ತು ಬೇಸಿಗೆ ಕಂಡ ರಬ್ಬರ್ ಹಪ್ಪಳದಂತೆ ಮುರಿಯುತ್ತದೆ. ಉಸ್ತಾದರು ಬರೆದು ಕಳಿಸಿದ ಚೀಟಿಯಲ್ಲಿ ತಾಮ್ರದ ತುಂಡಿನ ಕೆಳಗೆ ಇನ್ನೂ ಹತ್ತು ಸಾಲುಗಳಿದ್ದವು, ಕೆಲಸ ಮರುದಿನ ಸಂಜೆಗೆ ಮುಗಿಯಿತು. ಆ ಗಾಡಿ ಹಿಂದಿನದಕ್ಕಿಂತ ಕಡಿಮೆ ಗಟ್ಟಿಯಾಗಿತ್ತೇ? ಖಂಡಿತ ಇಲ್ಲ. ಆ ವಿ8 ಎಂಜಿನ್ ನಾನು ಕಂಡ ಎಂಜಿನ್ನುಗಳಲ್ಲೇ ಅತ್ಯಂತ ಹೆಚ್ಚು ಬಾಳಿದ್ದು. ಸವೆಯುವ ಭಾಗ ಅಷ್ಟೇ ಸವೆಯಿತು, ಅಷ್ಟೇ ಅಗ್ಗವಾಗಿತ್ತು. ಅದರ ಬಳಿಗೆ ಹೋಗುವ ದಾರಿ ಮಾತ್ರ ಉದ್ದವಾಗಿತ್ತು.

ಗೋನು ಬಂದ ವರ್ಷ

2007ರ ಜೂನ್ ಮೊದಲ ವಾರ ಗೋನು ಚಂಡಮಾರುತ ಮಸ್ಕತ್ತಿಗೆ ಬಡಿಯಿತು. ವರ್ಷಕ್ಕೆ ನಾಲ್ಕು ಮಳೆ ಕಂಡರೆ ಹೆಚ್ಚು ಎನ್ನುವ ಊರಿನಲ್ಲಿ ವಾದಿಗಳೆಂಬ ಒಣಗಿದ ಹಳ್ಳಗಳೆಲ್ಲ ನದಿಗಳಾಗಿ ಕುರುಮ್ ಕಡೆಯ ತಗ್ಗು ಪ್ರದೇಶಗಳು ಮುಳುಗಿದವು. ನೀರಿಳಿದ ಮೇಲೆ ನಮ್ಮ ಅಂಗಳಕ್ಕೆ ಗಾಡಿಗಳನ್ನು ಎಳೆದು ತಂದರು, ಹಲವು ಕಂಪನಿಗಳವು, ಹಲವು ವಯಸ್ಸಿನವು, ಸೀಟಿನವರೆಗೆ ಕೆಸರು ತುಂಬಿಕೊಂಡವು. ಅವುಗಳಲ್ಲಿ ಎರಡು ಅಕ್ಕಪಕ್ಕ ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ನಮ್ಮದೇ ಹಳೆಯ 80 ಸರಣಿಯ ಗಾಡಿ, ಮತ್ತು ಮೇಲಧಿಕಾರಿಗಳು ಬಳಸುತ್ತಿದ್ದ ಬೇರೊಂದು ತಯಾರಿಕೆಯ, ಎರಡೇ ವರ್ಷ ಓಡಿದ ಐಷಾರಾಮಿ ಎಸ್‌ಯುವಿ.

ಉಸ್ತಾದರು ಯಾರನ್ನೂ ಕೀಲಿ ಮುಟ್ಟಲು ಬಿಡಲಿಲ್ಲ. ಹಳೆಯ ಗಾಡಿಯ ಆರು ಸ್ಪಾರ್ಕ್ ಪ್ಲಗ್ ತೆಗೆದು ಎಂಜಿನ್ನನ್ನು ಬರಿದೇ ತಿರುಗಿಸಿದಾಗ ರಂಧ್ರಗಳಿಂದ ಕೆಂಪು ನೀರು ಚಿಮ್ಮಿತು. ಎಂಜಿನ್ನಿನ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ಬಂದಿತ್ತು. ಗೇರ್‌ಬಾಕ್ಸು, ಎರಡು ಡಿಫರೆನ್ಷಿಯಲ್ಲು, ಎಲ್ಲದರ ಎಣ್ಣೆಯನ್ನೂ ಮೂರು ಮೂರು ಸಲ ಇಳಿಸಿ ತುಂಬಿದರು. ಸೀಟು, ಕಾರ್ಪೆಟ್ಟು ಬಿಸಿಲಿಗೆ ಬಿದ್ದವು. ಚಕ್ರದ ಬೇರಿಂಗುಗಳು ತೊಳೆಸಿಕೊಂಡು ಹೊಸ ಗ್ರೀಸ್ ಕಂಡವು. ಏಳನೆಯ ದಿನ ಗಾಡಿ ತನ್ನ ಬಲದಿಂದ ಅಂಗಳ ದಾಟಿತು, ಆಮೇಲೆ ಇನ್ನೂ ಆರು ವರ್ಷ ನಮ್ಮಲ್ಲೇ ದುಡಿಯಿತು.

ಹೊಸ ಗಾಡಿಯೂ ಎದ್ದಿತು, ಆದರೆ ಗುಣವಾಗಲಿಲ್ಲ. ಈ ತಿಂಗಳು ಬ್ರೇಕಿನ ದೀಪ, ಮುಂದಿನ ತಿಂಗಳು ತಾನಾಗಿಯೇ ಇಳಿಯುವ ಕಿಟಕಿ, ಅದರ ಮುಂದಿನ ತಿಂಗಳು ಗೇರ್ ಬದಲಾಗದಿರುವುದು. ಸ್ಕ್ಯಾನರ್ ಪ್ರತಿ ಸಲವೂ ಬೇರೊಂದು ಹೆಸರು ಹೇಳುತ್ತಿತ್ತು, ನಾನು ಪ್ರತಿ ಸಲವೂ ಬೇರೊಂದು ಪೆಟ್ಟಿಗೆ ತರಿಸುತ್ತಿದ್ದೆ. ಕೊನೆಗೆ ಉಸ್ತಾದರು ಚಾಲಕನ ಸೀಟಿನ ಕೆಳಗಿನ ಕಾರ್ಪೆಟ್ ಪೂರ್ತಿ ಎಬ್ಬಿಸಿ ಒಂದು ಕನೆಕ್ಟರ್ ಬಿಡಿಸಿ ತೋರಿಸಿದರು. ಗುಂಡುಸೂಜಿಗಿಂತ ಸಣ್ಣ ಪಿನ್ನುಗಳ ಮೇಲೆ ಬಾವಿಕಟ್ಟೆಯ ಪಾಚಿಯಂಥ ಹಸಿರು ಬೆಳೆದಿತ್ತು. ತೊಳೆದರೆ ಆಯಿತಲ್ಲ ಎಂದೆ. "ಇದನ್ನು ತೊಳೆಯಬಹುದು ಶೆಟ್ರೇ, ಇಂಥದ್ದು ಇದರೊಳಗೆ ಎಷ್ಟಿದೆ, ಎಲ್ಲೆಲ್ಲಿದೆ ಅಂತ ಯಾರಿಗೆ ಗೊತ್ತು?" ಎಂದರು. ವರ್ಷ ತುಂಬುವ ಮೊದಲು ಅದು ಹರಾಜಿಗೆ ಹೋಯಿತು. ಅದರ ಚಾಸಿಗೆ, ಎಂಜಿನ್ನಿಗೆ ಏನೂ ಆಗಿರಲಿಲ್ಲ.

ಎರಡು ಕಡೆಯೂ ತಾಮ್ರವೇ. ಸೆಲ್ಫ್ ಮೋಟರಿನ ತುಂಡನ್ನು ಅಂಗೈ ಮೇಲಿಟ್ಟು, ಹೆಬ್ಬೆರಳಿನಿಂದ ಸವರಿ, ಎಷ್ಟು ಉಳಿದಿದೆ ಎಂದು ಹೇಳಬಹುದಿತ್ತು. ಪಿನ್ನುಗಳ ಕಾಯಿಲೆ ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿಯ ಮೇಲಿನ ನಂಬಿಕೆ ಹೋಗಿರುತ್ತದೆ. ಮರುಭೂಮಿಯ ನಡುವೆ ಇನ್ನೂರು ಕಿಲೋಮೀಟರ್ ಒಳಗಿನ ಸೈಟಿಗೆ ಹೋಗುವವನಿಗೆ ನಂಬಿಕೆ ಹೋದ ಗಾಡಿ ಸತ್ತ ಗಾಡಿಗೆ ಸಮ. ಕಬ್ಬಿಣದ ಆಯುಸ್ಸು ತಲೆಮಾರಿನಿಂದ ತಲೆಮಾರಿಗೆ ಇಳಿದಿಲ್ಲ, ಬಹುಶಃ ಏರಿದೆ. ಗಾಡಿ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ನಿರ್ಧರಿಸುವ ಅಧಿಕಾರ ಮಾತ್ರ ಕಬ್ಬಿಣದ ಕೈ ತಪ್ಪಿ ತೆಳುವಾದ, ಒಳಗೆ ಅಡಗಿದ ವಸ್ತುಗಳ ಕೈ ಸೇರಿದೆ.

ಹಳತನ್ನು ಹೊಗಳುವ ಮೊದಲು

ಇಷ್ಟು ಹೇಳಿದ ಮೇಲೆ ಹಳೆಯ ಗಾಡಿಗಳ ಭಕ್ತರಿಗೆ ಎರಡು ಮಾತು ಹೇಳಲೇಬೇಕು. ಮೊದಲನೆಯದು, ಇಂದು ರಸ್ತೆಯಲ್ಲಿ ಕಾಣುವ ಮೂವತ್ತು ವರ್ಷದ ಗಾಡಿಗಳು ಉಳಿದುಕೊಂಡ ಕೆಲವು ಮಾತ್ರ. ಅಜ್ಜಿಯ ಕಾಲದ ಹಿತ್ತಾಳೆ ಹಂಡೆಯನ್ನು ತೋರಿಸಿ ಆಗಿನದ್ದೆಲ್ಲ ಗಟ್ಟಿ ಎನ್ನುತ್ತೇವೆ. ಆಕೆಯ ಕಾಲದಲ್ಲಿ ಒಡೆದ ಮಡಕೆಗಳ ಲೆಕ್ಕ ಯಾರ ಬಳಿಯೂ ಇಲ್ಲ. ನನ್ನ ಪುಸ್ತಕಗಳಲ್ಲಿ ಐದಾರು ವರ್ಷಕ್ಕೆ ಮುಗಿದುಹೋದ 80 ಸರಣಿಯ ಗಾಡಿಗಳ ಪುಟಗಳೂ ಇವೆ. ಕೂಲಂಟ್ ನೋಡದೆ ಓಡಿಸಿದವು, ಏರ್ ಫಿಲ್ಟರ್ ಬದಲಾಯಿಸದೆ ಧೂಳು ಕುಡಿಸಿದವು.

ಎರಡನೆಯದು ನನಗೆ ಹೆಚ್ಚು ಮುಖ್ಯ. ಆದಮ್‌ನಿಂದ ಹೈಮಾಕ್ಕೆ ಹೋಗುವ ರಸ್ತೆಯಲ್ಲಿ ಒಂದು ರಾತ್ರಿ ನಮ್ಮ ಚಾಲಕನೊಬ್ಬ ಅಡ್ಡ ಬಂದ ಒಂಟೆಯನ್ನು ತಪ್ಪಿಸಲು ಹೋಗಿ ಗಾಡಿ ಉರುಳಿತು. ಅದು 200 ಸರಣಿಯದು. ಪಕ್ಕದ ಏರ್‌ಬ್ಯಾಗುಗಳೆಲ್ಲ ತೆರೆದುಕೊಂಡಿದ್ದವು. ಅವನು ಭುಜಕ್ಕೊಂದು ಪಟ್ಟಿ ಕಟ್ಟಿಸಿಕೊಂಡು ಮೂರನೆಯ ದಿನ ನನ್ನ ಕಿಟಕಿಯ ಮುಂದೆ ನಿಂತಿದ್ದ. ನಾನು ಸೇರಿದ ಕಾಲದ ನಮ್ಮ ಕೆಲಸದ ಗಾಡಿಗಳಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಆ ಸೆನ್ಸರುಗಳು, ಆ ಸಣ್ಣ ಪಿನ್ನುಗಳು ಇರುವುದು ಇದಕ್ಕಾಗಿಯೂ ಹೌದು. ಗಾಡಿಯ ಬಾಳಿಕೆಗಿಂತ ಒಳಗೆ ಕೂತವನ ಬಾಳು ದೊಡ್ಡದು, ಮತ್ತು ನನ್ನವರನ್ನು ಆ ರಸ್ತೆಗೆ ಕಳಿಸುವುದಾದರೆ ನಾನು ಹೊಸ ಗಾಡಿಯನ್ನೇ ಆರಿಸುತ್ತೇನೆ.

300 ಸರಣಿಯ ಬಗ್ಗೆ ಈಗಲೇ ತೀರ್ಪು ಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಿಂದಿನದಕ್ಕಿಂತ ಸುಮಾರು 200 ಕಿಲೋ ಹಗುರ, ವಿ8 ಬದಲಿಗೆ ಆರು ಸಿಲಿಂಡರಿಗೆ ಎರಡು ಟರ್ಬೊ, ಹತ್ತು ಗೇರಿನ ಆಟೋಮ್ಯಾಟಿಕ್. 2024ರಲ್ಲಿ ಅಮೆರಿಕದಲ್ಲಿ ಟೊಯೋಟಾ ತನ್ನ ಟಂಡ್ರಾ ಪಿಕಪ್ ಮತ್ತು ತನ್ನದೇ ಐಷಾರಾಮಿ ಬ್ರಾಂಡ್ ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು 1,02,000 ಗಾಡಿಗಳನ್ನು ಹಿಂದಕ್ಕೆ ಕರೆಯಿತು. ಎಂಜಿನ್ ತಯಾರಿಕೆಯ ವೇಳೆ ಒಳಗೆ ಉಳಿದ ಲೋಹದ ಚೂರುಗಳು ಮುಖ್ಯ ಬೇರಿಂಗನ್ನು ಕೆಡಿಸಬಹುದೆಂಬುದು ಕಾರಣ. ಆ ಲೆಕ್ಸಸ್ 300ರ ಒಡಹುಟ್ಟು, 3.5 ಲೀಟರಿನ ಎರಡು ಟರ್ಬೊ ಎಂಜಿನ್ 300ರಲ್ಲೂ ಸಿಗುತ್ತದೆ. ಆತಂಕದ ಸಂಗತಿಯೇ. ಆದರೆ ಚೂರು ಉಳಿದುಹೋದದ್ದು ಹೆರಿಗೆಯ ವೇಳೆಯ ತೊಂದರೆ. ಮುಪ್ಪಿನಲ್ಲಿ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ 2040ರ ಹೊತ್ತಿಗೆ ಯಾವುದೋ ಉಗ್ರಾಣದ ಪುಸ್ತಕ ಉತ್ತರ ಹೇಳುತ್ತದೆ. ನಾನು ಗಮನಿಸಿದ್ದು ಇನ್ನೊಂದನ್ನು: ಗಲ್ಫಿನಲ್ಲಿ ಅದೇ 300 ಸರಣಿಯನ್ನು ಟರ್ಬೊ ಇಲ್ಲದ ಹಳೆಯ 4.0 ಲೀಟರ್ ಎಂಜಿನ್ನಿನೊಡನೆಯೂ ಮಾರಿದರು. 1984ರಲ್ಲಿ ಹುಟ್ಟಿದ 70 ಸರಣಿಯ ತಯಾರಿಕೆ ಇಂದಿಗೂ ನಿಂತಿಲ್ಲ. ನಿಸಾನ್ ಕೂಡ ಹೊಸ ಪ್ಯಾಟ್ರೋಲ್ ಬಂದ ಮೇಲೂ ಹಳೆಯ ಇಡೀ ಎಕ್ಸೆಲ್ಲಿನ ಗಾಡಿಯನ್ನು ಗಲ್ಫಿನಲ್ಲಿ ವರ್ಷಗಟ್ಟಲೆ ಮಾರಿತು. ದೂರದ ಊರಿನಲ್ಲಿ ರಿಪೇರಿ ಮಾಡಿಕೊಳ್ಳುವವರು ಇನ್ನೂ ಇದ್ದಾರೆ ಎಂಬುದು ತಯಾರಕರಿಗೆ ಚೆನ್ನಾಗಿ ಗೊತ್ತಿದೆ.

ಸುತ್ತಿಗೆಯ ಸದ್ದು

ಅಳಿಯನ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಲ್ಯಾಂಡ್ ಕ್ರೂಸರ್ ಕೋಟಿ ಮೀರಿದ ಮಾತು. ಅದೇ ಮನೆತನದ ಫಾರ್ಚೂನರ್ 2009ರಿಂದ ಬಿಡದಿಯಲ್ಲಿ ತಯಾರಾಗುತ್ತಿದೆ. ಅದಕ್ಕೂ ಹಿಂದೆ ಅಲ್ಲೇ ತಯಾರಾದ ಕ್ವಾಲಿಸ್ ನಿಂತು ಇಪ್ಪತ್ತು ವರ್ಷವಾದರೂ ನಮ್ಮ ತಾಲೂಕಿನ ಗ್ಯಾರೇಜುಗಳಲ್ಲಿ ಅದನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವವರಿದ್ದಾರೆ. ಒಂದು ಗಾಡಿಯ ಬಾಳಿಕೆಯಲ್ಲಿ ಇಂಥವರ ಪಾಲು ಎಷ್ಟು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. 2020ರ ನಂತರದ, ಹೊಗೆಯ ಬಿಗಿ ನಿಯಮವಾದ ಬಿಎಸ್-6ಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳ ವಿಷಯದಲ್ಲಿ ಅಳಿಯನಿಗೆ ಒಂದು ನಿರ್ದಿಷ್ಟ ತೊಂದರೆಯೂ ಇತ್ತು. ಅವುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಚೆನ್ನಾಗಿ ಓಡಿ ಕಾದಾಗ ಆ ಮಸಿ ಉರಿದು ಹೋಗುತ್ತದೆ. ದಿನಾ ಮೊದಲ ಗೇರಿನಲ್ಲಿ ನಾಲ್ಕು ಕಿಲೋಮೀಟರ್ ತೆವಳಿ ತೋಟದಲ್ಲಿ ನಿಲ್ಲುವ ಗಾಡಿಯಲ್ಲಿ ಅದು ಉರಿಯುವುದು ಯಾವಾಗ? ಅವನ ಕೆಲಸಕ್ಕೆ ಹಳತೇ ಸರಿ ಎಂದು ಆ ಮಟ್ಟಿಗೆ ಒಪ್ಪಿದೆ.

ಕುಂದಾಪುರದ ಗಾಡಿಯನ್ನು ವಾಶಿಂಗ್ ರ‍್ಯಾಂಪಿಗೆ ಏರಿಸಿ ನಾನೇ ಅಡಿಗೆ ಹೋದೆ. ಅರವತ್ತು ದಾಟಿದ ಬೆನ್ನಿಗೆ ಅದು ಸುಲಭವಾಗಿರಲಿಲ್ಲ. ಎಂಜಿನ್ ಅಚ್ಚುಕಟ್ಟಾಗಿತ್ತು, ಸದ್ದಿಲ್ಲ, ಸೋರಿಕೆಯಿಲ್ಲ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಮುಂದಿನಿಂದ ತಟ್ಟುತ್ತಾ ಬಂದೆ. ಟಣ್, ಟಣ್ ಎನ್ನುತ್ತಿದ್ದ ಕಬ್ಬಿಣ ಹಿಂದಿನ ಎಕ್ಸೆಲ್ಲಿನ ಮೇಲೆ ಕಮಾನಾಗಿ ಏರುವ ಜಾಗದಲ್ಲಿ ಹಸಿ ತೆಂಗಿನಕಾಯಿಯಂತೆ ಡಬ್ ಎಂದಿತು. ನೀರು ಬಸಿಯಲು ಬಿಟ್ಟ ತೂತಿಗೆ ಬೆರಳು ಹಾಕಿದರೆ ಒದ್ದೆ ಮರಳು, ಅದರೊಡನೆ ಈರುಳ್ಳಿ ಸಿಪ್ಪೆಯಂಥ ತುಕ್ಕಿನ ಪದರಗಳು ಬಂದವು. ಮೊದಲಿನ ಮಾಲೀಕರ ಮನೆ ಕಡಲ ದಂಡೆಯಲ್ಲಿತ್ತಂತೆ. ಮೀನಿನ ಬುಟ್ಟಿಗಳನ್ನೂ ಹೇರುತ್ತಿದ್ದರಂತೆ. ಉಪ್ಪುನೀರಿಗೆ ತಲೆಮಾರುಗಳ ಭೇದವಿಲ್ಲ. "ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿಸಿದರೆ ಆಗುದಿಲ್ವಾ ಮಾವ?" ಎಂದು ಕೇಳಿದ. ಒಳಗಿನಿಂದ ತಿನ್ನುತ್ತಿರುವುದನ್ನು ಹೊರಗಿನಿಂದ ಮುಚ್ಚಿದರೆ ಕಾಣುವುದಿಲ್ಲ ಅಷ್ಟೇ, ನಿಲ್ಲುವುದಿಲ್ಲ ಎಂದೆ. ಎಂಜಿನ್ನಿನ ಸದ್ದು ಕೇಳಿಯೇ ಮನಸೋತಿದ್ದ ಅವನಿಗೆ ಬೇಸರವಾಯಿತು.

ಎರಡು ತಿಂಗಳ ಮೇಲೆ ಹಿರಿಯೂರಿನ ಕಡೆಯಿಂದ ಅದೇ ತಲೆಮಾರಿನ ಇನ್ನೊಂದು ಗಾಡಿ ಸಿಕ್ಕಿತು, ಮೊದಲಿನದಕ್ಕಿಂತ 60,000 ಕಿಲೋಮೀಟರ್ ಹೆಚ್ಚು ಓಡಿದ್ದು. ಬಣ್ಣ ಮಾಸಿತ್ತು, ಸೀಟು ಹರಿದಿತ್ತು. ಚಾಸಿಯೊಳಗೆ ಬೆರಳು ಹಾಕಿದಾಗ ಸಿಕ್ಕಿದ್ದು ಒಣ ಧೂಳು. ಅದನ್ನೇ ತಂದ. ಮರುದಿನ ನಾವಿಬ್ಬರೂ ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ನೆಟ್ಟಗೆ ಮಾಡಿಕೊಂಡು ಅದರ ಅಡಿಗೆ ಮಲಗಿ, ಚಾಸಿಯ ಬಸಿಯುವ ತೂತುಗಳನ್ನು ಒಂದೊಂದಾಗಿ ಚುಚ್ಚಿ ಬಿಡಿಸಿ, ಒಳಗೆ ತುಕ್ಕು ತಡೆಯುವ ಎಣ್ಣೆ ಹೊಡೆದೆವು. ಎರಡು ತೂತುಗಳು ಪೂರ್ತಿ ಕಟ್ಟಿಕೊಂಡಿದ್ದವು. ಒಂದನ್ನು ಬಿಡಿಸಲು ಅವನಿಗೆ ಅರ್ಧ ಗಂಟೆ ಹಿಡಿಯಿತು.